ಪೆನ್ ಡ್ರೈವ್ ಓಪನ್ ಆಗ್ತಿಲ್ವಾ? ಫಾರ್ಮ್ಯಾಟ್ ಒತ್ತುವ ಮೊದಲು ಇಷ್ಟು ನೋಡಿ

ಶನಿವಾರ ಮಧ್ಯಾಹ್ನ, ಜುಲೈ ಮಳೆ. ಕೊಡಗಿನ ಗೋಣಿಕೊಪ್ಪದ ನಮ್ಮ ಜೆರಾಕ್ಸ್ ಅಂಗಡಿಗೆ ತೋಟವೊಂದರ ಲೆಕ್ಕ ಬರೆಯುವ ರೈಟರ್ ಬಂದರು. ಛತ್ರಿ ಬಾಗಿಲಲ್ಲೇ ಬಿಟ್ಟು, ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಕವರಿನೊಳಗೆ ಇನ್ನೊಂದು ಕವರ್, ಅದರೊಳಗೆ ಪೆನ್ ಡ್ರೈವ್.

"ಆಳುಗಳ ಹಾಜರಿ, ಕೂಲಿಯ ಚೆಕ್‌ರೋಲ್ ಇದರಲ್ಲೇ ಇದೆ. ಸಂಜೆ ಬಟವಾಡೆ. ಆಫೀಸ್ ಕಂಪ್ಯೂಟರಿಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡು ಅಂತ ಕೇಳ್ತಿದೆ. ಮಾಡ್ಬಿಡ್ಲಾ?"

"ಬೇಡ ಅಣ್ಣ, ಸದ್ಯ ಏನೂ ಒತ್ಬೇಡಿ" ಅಂದೆ. ಆಮೇಲೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: "ನಿಮಗೆ ಬೇಕಾಗಿರೋದು ಪೆನ್ ಡ್ರೈವಾ, ಅದರೊಳಗಿನ ಫೈಲಾ?"

ತಮಾಷೆಗೆ ಕೇಳುವ ಪ್ರಶ್ನೆಯಲ್ಲ ಇದು. ಪೆನ್ ಡ್ರೈವ್ ಬೇಕಾದರೆ ಮಾಡುವ ಕೆಲಸ ಒಂದು, ಫೈಲ್ ಬೇಕಾದರೆ ಮಾಡುವ ಕೆಲಸ ಇನ್ನೊಂದು. ಮೊದಲನೆಯದನ್ನು ಮಾಡಲು ಹೋಗಿ ಎರಡನೆಯದನ್ನು ಕಳೆದುಕೊಂಡವರೇ ಜಾಸ್ತಿ. ಹೊಸ ಪೆನ್ ಡ್ರೈವ್ ಕೆಲವು ನೂರು ರೂಪಾಯಿಗೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಮಗಳ ಮದುವೆ ಫೋಟೊ ಸಿಗಲ್ಲ. ಒಳಗಿರುವ ಫೈಲ್ ಬೇಕು ಎಂದುಕೊಂಡೇ ಈ ಲೇಖನ ಬರೆದಿದ್ದೇನೆ. ಒಳಗೆ ಏನೂ ಮುಖ್ಯವಾದದ್ದು ಇಲ್ಲದಿದ್ದರೆ ನೀವು ಸೀದಾ ಕೊನೆಯ ಭಾಗಕ್ಕೆ ಹೋಗಬಹುದು.

ಮೊದಲು ತೂತು ಬದಲಿಸಿ

ಪೆನ್ ಡ್ರೈವ್ ಕೆಟ್ಟಿದೆ ಎಂದು ತಂದವುಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಕೆಟ್ಟಿರುವುದು ಕಂಪ್ಯೂಟರಿನ ಯುಎಸ್‌ಬಿ ತೂತು. ಅದರಲ್ಲೂ ಡೆಸ್ಕ್‌ಟಾಪ್ ಡಬ್ಬಿಯ ಮುಂಭಾಗದ ತೂತು. ಮುಂದಿನ ತೂತುಗಳಿಂದ ಒಳಗಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಒಂದು ತೆಳು ವಯರ್ ಹೋಗಿರುತ್ತದೆ. ಆ ವಯರ್ ಸಡಿಲವಾಗಬಹುದು. ದಿನಕ್ಕೆ ಹತ್ತು ಸಲ ಚುಚ್ಚಿ ಚುಚ್ಚಿ ತೂತೇ ಸವೆದಿರಬಹುದು. ಹಿಂದಿನ ತೂತುಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಅವು ಗಟ್ಟಿ. ಆದ್ದರಿಂದ ಮೊದಲ ಕೆಲಸ, ಡಬ್ಬಿ ತಿರುಗಿಸಿ ಹಿಂದೆ ಹಾಕಿ ನೋಡುವುದು. ಮಧ್ಯೆ ಒಂದು ತೂತನ್ನು ಹಲವು ಮಾಡುವ ಹಬ್ ಇದ್ದರೆ, ಎಕ್ಸ್‌ಟೆನ್ಷನ್ ಕೇಬಲ್ ಇದ್ದರೆ ತೆಗೆದುಬಿಡಿ. ಆಮೇಲೆ ಬೇರೆ ಕಂಪ್ಯೂಟರಿಗೆ ಹಾಕಿ. ಎರಡನೆಯದರಲ್ಲಿ ಸರಿಯಾಗಿ ಓಪನ್ ಆಯಿತಾ? ಅಲ್ಲೇ ಆ ಕ್ಷಣವೇ ಫೈಲುಗಳನ್ನೆಲ್ಲ ಕಾಪಿ ಮಾಡಿ. "ಸದ್ಯ ಬಂತಲ್ಲ" ಅಂತ ತೆಗೆದು ಜೇಬಿಗೆ ಹಾಕಿಕೊಂಡರೆ ಸಂಜೆ ಮತ್ತೆ ಬರಲಿಕ್ಕಿಲ್ಲ.

ಪೆನ್ ಡ್ರೈವಿನ ಬಾಯಿಯೊಳಗೆ ನೀಲಿ ಪ್ಲಾಸ್ಟಿಕ್ ಇದ್ದರೆ ಅದು ಸಾಮಾನ್ಯವಾಗಿ ಯುಎಸ್‌ಬಿ 3. ಇಂಥವು ನೀಲಿ ತೂತಿನಲ್ಲಿ ತಕರಾರು ಮಾಡಿ, ಕಪ್ಪು ತೂತಿನಲ್ಲಿ ನೆಟ್ಟಗೆ ಓದುವುದುಂಟು. ಕಪ್ಪಿನದು ಸಾಮಾನ್ಯವಾಗಿ ಹಳೆಯ ಯುಎಸ್‌ಬಿ 2, ನಿಧಾನ. ನಿಧಾನವಾದರೂ ಫೈಲ್ ಹೊರಗೆ ಬಂದರೆ ಸಾಕು.

ಬಾಯಿಯೊಳಗೆ ಇಣುಕಿ ನೋಡಿ

ಟಾರ್ಚ್ ಹಾಕಿ ಪೆನ್ ಡ್ರೈವಿನ ಬಾಯಿಯೊಳಗೆ ನೋಡಿ. ಚಿನ್ನದ ಬಣ್ಣದ 4 ಪಟ್ಟಿ ಕಾಣಿಸುತ್ತವೆ. ಯುಎಸ್‌ಬಿ 3 ಆದರೆ ಒಳಗೆ ಇನ್ನೂ 5 ಇರುತ್ತವೆ. ಮುಂದಿನ 4ರಲ್ಲಿ ಅಂಚಿನ ಎರಡು ಸ್ವಲ್ಪ ಉದ್ದ, ನಡುವಿನ ಎರಡು ಗಿಡ್ಡ. ಉದ್ದದವು 5 ವೋಲ್ಟ್ ಕರೆಂಟಿಗೆ, ಗಿಡ್ಡವು ಡೇಟಾಗೆ. ಚುಚ್ಚುವಾಗ ಮೊದಲು ಕರೆಂಟ್ ತಾಗಲಿ, ಆಮೇಲೆ ಡೇಟಾ ತಾಗಲಿ ಅಂತ ಹೀಗೆ ಮಾಡಿದ್ದಾರೆ. ಇದು ಗೊತ್ತಿದ್ದರೆ ಒಂದು ಉಪಯೋಗವಿದೆ. ಪೆನ್ ಡ್ರೈವಿನ ಲೈಟ್ ಹತ್ತುತ್ತದೆ, ಆದರೆ ಕಂಪ್ಯೂಟರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ ಎಂದರೆ, ಕರೆಂಟ್ ಹೋಗುತ್ತಿದೆ, ಡೇಟಾ ಹೋಗುತ್ತಿಲ್ಲ. ನಡುವಿನ ಎರಡು ಪಟ್ಟಿಗಳ ಮೇಲೆ ಅನುಮಾನ ಪಡಿ.

ಕೊಡಗಿನಲ್ಲಿ ಈ ಅನುಮಾನ ಸುಳ್ಳಾಗುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಶೂ, ಬೆಲ್ಟು, ಕ್ಯಾಮೆರಾ ಲೆನ್ಸ್ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಪೆನ್ ಡ್ರೈವ್ ಮಾತ್ರ ಬೇರೆ ಊರಿನದಾ? ಪಟ್ಟಿಗಳ ಮೇಲಿನ ಚಿನ್ನದ ಲೇಪ ತುಂಬಾ ತೆಳುವು. ಅಗ್ಗದವುಗಳಲ್ಲಿ ಅದು ಬೇಗ ಸವೆಯುತ್ತದೆ. ಅಡಿಯ ತಾಮ್ರಕ್ಕೆ ತೇವ ತಾಗಿದರೆ ಹಿತ್ತಾಳೆ ಚೆಂಬಿಗೆ ಹಿಡಿಯುವಂಥದೇ ಹಸಿರು ಕಿಲುಬು. ಒಮ್ಮೆ ಒಬ್ಬರು ಅಕ್ಕ ಬೀರುವಿನ ಸೀರೆ ಮಡಿಕೆಯಲ್ಲಿ 3 ವರ್ಷ ಜೋಪಾನ ಮಾಡಿಟ್ಟಿದ್ದ ಮದುವೆ ಫೋಟೊಗಳ ಪೆನ್ ಡ್ರೈವ್ ತಂದರು. ನೋಡಲು ಹೊಸದರ ಹಾಗೆ ಇತ್ತು. ಟಾರ್ಚ್ ಹಾಕಿದರೆ ನಡುವಿನ ಒಂದು ಪಟ್ಟಿಯ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ. ಅಷ್ಟೇ. ಅದು ಹೋದ ಮೇಲೆ ಫೋಟೊಗಳೆಲ್ಲ ಬಂದವು.

ಸ್ವಚ್ಛ ಮಾಡುವುದು ಹೀಗೆ. ಮಕ್ಕಳ ಪೆನ್ಸಿಲ್ ರಬ್ಬರನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ, ಬಾಯಿಯೊಳಗೆ ಹೋಗುವ ಹಾಗೆ. ಪಟ್ಟಿಯ ಉದ್ದಕ್ಕೆ ಮೆಲ್ಲನೆ ನಾಲ್ಕೈದು ಸಲ ಉಜ್ಜಿ. ಅಡ್ಡಡ್ಡ ಉಜ್ಜಬೇಡಿ. ರಬ್ಬರಿನ ಪುಡಿಯನ್ನು ಒಣಗಿದ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಕಿವಿ ಬಡ್ಸ್‌ಗೆ ಒಂದೇ ಹನಿ ಹಾಕಿ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಇರುತ್ತದೆ, ಗ್ಲಿಸರಿನ್ನೂ ಇರುತ್ತದೆ. ಬಾಯಲ್ಲಿ ಉಫ್ ಅಂತ ಊದುವುದೂ ಬೇಡ. ಊದಿದರೆ ಒಳಗೆ ಹೋಗುವುದು ನಿಮ್ಮ ಉಸಿರಿನ ತೇವ. ಇದೇ ಕೆಲಸವನ್ನು ಕಂಪ್ಯೂಟರಿನ ತೂತಿಗೂ ಮಾಡಬಹುದು, ಆದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆ.

ನೀರಿಗೆ ಬಿದ್ದ ಪೆನ್ ಡ್ರೈವ್ ಆದರೆ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನೀರು ನುಗ್ಗಿದ ಮೇಲೆ ಕೊಡಗಿನವರಿಗೆ ಈ ಪ್ರಶ್ನೆ ಹೊಸದಲ್ಲ. ಮಾಮೂಲಿ ದಿನಗಳಲ್ಲಿ ಪ್ಯಾಂಟಿನ ಜೊತೆ ವಾಷಿಂಗ್ ಮೆಷಿನ್‌ಗೆ ಹೋಗುವುದೇ ಹೆಚ್ಚು. ನೆನೆದದ್ದರಿಂದಲೇ ಚಿಪ್ ಸಾಯುವುದಿಲ್ಲ. ನೆನೆದದ್ದಕ್ಕೆ ಕರೆಂಟ್ ಕೊಟ್ಟರೆ ಸಾಯುತ್ತದೆ. ಕೆಸರು ಹಿಡಿದಿದ್ದರೆ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಗಾಳಿಯಲ್ಲಿ ಎರಡು ಮೂರು ದಿನ ಒಣಗಿಸಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ, ಸೌದೆ ಒಣಗಿಸಿದ ಹಾಗೆ ಇದನ್ನು ಒಣಗಿಸಲು ಹೋಗಬೇಡಿ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹೊಗೆಯ ಮಸಿ ಪಟ್ಟಿಗಳಿಗೆ ಕೂರುತ್ತದೆ.

ಚುಚ್ಚಿದ ಕೂಡಲೇ ಪೆನ್ ಡ್ರೈವ್ ಕೈಗೆ ಸುಡುವಷ್ಟು ಬಿಸಿಯಾದರೆ ತಕ್ಷಣ ಕೀಳಿ, ಇನ್ನೊಮ್ಮೆ ಹಾಕಬೇಡಿ. ಒಳಗೆ ಶಾರ್ಟ್ ಆಗಿದೆ.

ಕಂಪ್ಯೂಟರಿಗೆ ಏನು ಕಾಣುತ್ತಿದೆ?

ತೂತು ಸರಿ, ಪಟ್ಟಿ ಸರಿ, ಆದರೂ "ದಿಸ್ ಪಿಸಿ"ಯಲ್ಲಿ ಪೆನ್ ಡ್ರೈವ್ ಇಲ್ಲ. ಈಗ ನೋಡಬೇಕಾದ ಜಾಗ ಡಿಸ್ಕ್ ಮ್ಯಾನೇಜ್‌ಮೆಂಟ್. ವಿಂಡೋಸ್ ಕೀ ಹಿಡಿದು ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಅದರ ಹೆಸರಿದೆ. ಅಲ್ಲಿ ಕೆಳಗಡೆ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳಿರುತ್ತವೆ. ಡಿಸ್ಕ್ 0 ಸಾಮಾನ್ಯವಾಗಿ ಕಂಪ್ಯೂಟರಿನದೇ. ಗಾತ್ರ ನೋಡಿ ನಿಮ್ಮದನ್ನು ಗುರುತಿಸಿ. 16 ಜಿಬಿಯದು 14.9 ಅಂತಲೋ ಅದಕ್ಕಿಂತ ತುಸು ಕಡಿಮೆಯೋ ಕಾಣಿಸುತ್ತದೆ. ಅದು ಮೋಸವಲ್ಲ, ತಯಾರಿಸುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಈ ಪರದೆಯಲ್ಲಿ ಸುಮ್ನೆ ನೋಡಿ, ಬಲಗಡೆ ಕ್ಲಿಕ್ ಮಾಡಿ ಸಿಕ್ಕಿದ್ದನ್ನೆಲ್ಲ ಒತ್ತಬೇಡಿ. ಇಲ್ಲಿ ಕೈ ತಪ್ಪಿದರೆ ಕಂಪ್ಯೂಟರಿನ ಡಿಸ್ಕೇ ಖಾಲಿಯಾದೀತು. ನಾನೇ ಒಂದು ಸಲ ಗಿರಾಕಿಯ ಪೆನ್ ಡ್ರೈವ್ ಅಂದುಕೊಂಡು ಪಕ್ಕದಲ್ಲಿದ್ದ ನನ್ನ ಬ್ಯಾಕಪ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ್ದೇನೆ. ಅಂದಿನಿಂದ ಇಂಥ ಕೆಲಸ ಮಾಡುವಾಗ ಬೇರೆ ಎಲ್ಲ ಡಿಸ್ಕ್‌ಗಳನ್ನೂ ಕಿತ್ತು ಮೇಜಿನ ಆ ಕಡೆ ಇಟ್ಟುಬಿಡುತ್ತೇನೆ.

ಇಲ್ಲಿ ಕಾಣುವುದರ ಅರ್ಥ ಹೀಗೆ. ಪೆನ್ ಡ್ರೈವ್ ಇದೆ, ಗಾತ್ರ ಸರಿ ಇದೆ, ನೀಲಿ ಪಟ್ಟಿಯೂ ಇದೆ, ಆದರೆ ಇ, ಎಫ್ ಅಂತ ಅಕ್ಷರ ಮಾತ್ರ ಇಲ್ಲ ಎಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ "ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್" ಆರಿಸಿ ಒಂದು ಅಕ್ಷರ ಕೊಡಿ, ಮುಗಿಯಿತು. "ರಾ" ಅಂತ ಬರೆದಿದ್ದರೆ ಅಥವಾ ಕಪ್ಪು ಪಟ್ಟಿಯಲ್ಲಿ "ಅನ್‌ಅಲೊಕೇಟೆಡ್" ಅಂತ ಇದ್ದರೆ, ಚಿಪ್ ಬದುಕಿದೆ, ಒಳಗಿನ ಲೆಕ್ಕಪತ್ರ ಹಾಳಾಗಿದೆ. ಇದಕ್ಕೆ ಮುಂದೆ ದಾರಿ ಹೇಳುತ್ತೇನೆ. "ನೋ ಮೀಡಿಯ" ಅಂತ ಇದ್ದು ಗಾತ್ರವೇ ಇಲ್ಲದಿದ್ದರೆ ಸುದ್ದಿ ಕೆಟ್ಟದು. ಪೆನ್ ಡ್ರೈವಿನಲ್ಲಿ ಎರಡು ಮುಖ್ಯ ಭಾಗ: ಫೈಲ್ ಇಟ್ಟುಕೊಳ್ಳುವ ಮೆಮೊರಿ ಚಿಪ್, ಅದನ್ನು ನೋಡಿಕೊಳ್ಳುವ ಕಂಟ್ರೋಲರ್ ಚಿಪ್. ಕಂಟ್ರೋಲರ್ ಮಾತಾಡುತ್ತಿದೆ, ಮೆಮೊರಿ ಉತ್ತರ ಕೊಡುತ್ತಿಲ್ಲ ಅಂತ ಇದರರ್ಥ. ಯಾವ ಸಾಫ್ಟ್‌ವೇರಿಗೂ ಇದು ಬಗ್ಗುವುದಿಲ್ಲ. ಡೇಟಾ ರಿಕವರಿ ಮಾಡುವ ಲ್ಯಾಬ್‌ಗೆ ಕಳಿಸಬೇಕು, ಖರ್ಚು ಸಾವಿರಗಳ ಲೆಕ್ಕದಲ್ಲಿರುತ್ತದೆ. ಫೈಲ್ ಅಷ್ಟು ಬೆಲೆ ಬಾಳುತ್ತದಾ ಅನ್ನುವುದು ನಿಮಗೇ ಗೊತ್ತು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಾಲೇ ಇಲ್ಲ, ಚುಚ್ಚಿದಾಗ "ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್" ಅಂತ ಬರುತ್ತದೆ ಎಂದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅದೂ ವಿಂಡೋಸ್ ಕೀ ಮತ್ತು ಎಕ್ಸ್‌ನಲ್ಲೇ ಸಿಗುತ್ತದೆ. ಯುಎಸ್‌ಬಿ ವಿಭಾಗದಲ್ಲಿ ಹಳದಿ ಗುರುತು ಇರುವುದರ ಮೇಲೆ ಬಲಗಡೆ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಮಾಡಿ, ಪೆನ್ ಡ್ರೈವ್ ಕಿತ್ತು, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಮತ್ತೆ ಹಾಕಿ. ವಿಂಡೋಸ್ ತಾನೇ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಹಾಕಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಪೆನ್ ಡ್ರೈವ್ ಬಂದು ಬಂದು ಹೋಗುತ್ತಿದ್ದರೆ, ಅಲ್ಲೇ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅಂತ ಇರುತ್ತದೆ. ಕರೆಂಟ್ ಉಳಿಸಲು ತೂತನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಎರಡು ಬೇರೆ ಬೇರೆ ಕಂಪ್ಯೂಟರಿನಲ್ಲೂ ಅದೇ ಎರರ್ ಬಂದರೆ ಡ್ರೈವರಿನ ಹಿಂದೆ ಬೀಳುವುದು ದಂಡ. ತಪ್ಪು ಪೆನ್ ಡ್ರೈವಿನದೇ.

ಫಾರ್ಮ್ಯಾಟ್ ಮಾಡು ಅಂತ ಕೇಳಿದರೆ

ರೈಟರ್ ಅಣ್ಣನ ಕಷ್ಟ ಇದೇ. ಕ್ಯಾನ್ಸಲ್ ಒತ್ತಿ.

ಪೆನ್ ಡ್ರೈವಿನ ಮೊದಲ ಭಾಗದಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಒಂದು ಪರಿವಿಡಿ ಇರುತ್ತದೆ. ಬರೆಯುತ್ತಿರುವಾಗ ಕಿತ್ತರೆ, ಕರೆಂಟ್ ಹೋದರೆ, ಆ ಪರಿವಿಡಿ ಅರ್ಧಂಬರ್ಧ ಆಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳದ ವಾರವಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡುತ್ತಿರುವಾಗಲೇ ಕರೆಂಟ್ ಹೋದರೆ ಆಗುವುದು ಇದೇ. ಪುಸ್ತಕದ ಪರಿವಿಡಿ ಹರಿದಿದೆ, ಪಾಠ ಒಳಗೆ ಹಾಗೇ ಇದೆ. ವಿಂಡೋಸಿಗೆ ಪರಿವಿಡಿ ಇಲ್ಲದ ಪುಸ್ತಕ ಓದಲು ಬರುವುದಿಲ್ಲ, ಅದಕ್ಕೇ ಹೊಸದಾಗಿ ಬರೆದುಕೊಡಲಾ ಅಂತ ಕೇಳುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಖಾಲಿ ಪರಿವಿಡಿ ಬರುತ್ತದೆ, ಪಾಠ ಬಹುತೇಕ ಉಳಿದಿರುತ್ತದೆ. ಆದ್ದರಿಂದ ಗೊತ್ತಿಲ್ಲದೆ ಒತ್ತಿಬಿಟ್ಟವರೂ ಪೂರ್ತಿ ಆಸೆ ಬಿಡಬೇಕಿಲ್ಲ. ಆದರೆ ಕ್ವಿಕ್ ಅನ್ನುವ ಟಿಕ್ ತೆಗೆದು ಮಾಡಿದರೆ ವಿಂಡೋಸ್ ಪುಟಗಳನ್ನೂ ಅಳಿಸುತ್ತದೆ. ಆಮೇಲೆ ಯಾರಿಂದಲೂ ಆಗದು.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಆ ಪೆನ್ ಡ್ರೈವಿಗೆ ಇನ್ನು ಏನನ್ನೂ ಬರೆಯಬೇಡಿ. ಪೆನ್ ಡ್ರೈವಿನ ಪ್ರಾಪರ್ಟೀಸ್‌ಗೆ ಹೋದರೆ ಟೂಲ್ಸ್‌ನಲ್ಲಿರುವ ಎರರ್ ಚೆಕಿಂಗ್ ಕೂಡ ಬೇಡ. ಅದು ಸರಿಪಡಿಸುವ ಹೆಸರಿನಲ್ಲಿ ಪೆನ್ ಡ್ರೈವಿಗೆ ಬರೆಯುತ್ತದೆ. ಕೆಲವೊಮ್ಮೆ ಫೈಲುಗಳನ್ನು ಚೂರು ಚೂರು ಮಾಡಿ ಇನ್ನೊಂದು ಫೋಲ್ಡರಿಗೆ ತುಂಬಿಸಿ ಇಡುತ್ತದೆ. ಫೈಲ್ ಹೊರಗೆ ಬಂದ ಮೇಲೆ ಎಷ್ಟು ಬೇಕಾದರೂ ಮಾಡಿಕೊಳ್ಳಿ.

ಫೈಲ್ ತೆಗೆಯಲು ನಾನು ಬಳಸುವುದು ಫೋಟೊರೆಕ್. ಉಚಿತ. ಅದರ ಜೊತೆಗೇ ಟೆಸ್ಟ್‌ಡಿಸ್ಕ್ ಅನ್ನುವುದೂ ಬರುತ್ತದೆ, ಅನ್‌ಅಲೊಕೇಟೆಡ್ ಆದದ್ದಕ್ಕೆ ಅದು ಒಳ್ಳೆಯದು. ಹೆಸರಿನಲ್ಲಿ ಫೋಟೊ ಇದ್ದರೂ ಫೋಟೊರೆಕ್ ಎಕ್ಸೆಲ್, ವರ್ಡ್, ಪಿಡಿಎಫ್ ಎಲ್ಲ ಹುಡುಕುತ್ತದೆ. ಪರಿವಿಡಿಯನ್ನು ನಂಬದೆ ಪ್ರತಿ ಪುಟ ತಿರುವಿ, ಇದು ಫೋಟೊದ ಆರಂಭ, ಇದು ಎಕ್ಸೆಲ್‌ನ ಆರಂಭ ಅಂತ ಗುರುತು ಹಿಡಿಯುತ್ತದೆ. ಹಾಗಾಗಿ ಫೈಲಿನ ಹಳೆಯ ಹೆಸರು ಬರುವುದಿಲ್ಲ. ನಂಬರ್ ಹಾಕಿದ ನೂರಾರು ಫೈಲ್ ಸಿಗುತ್ತವೆ, ಒಂದೊಂದಾಗಿ ತೆರೆದು ನೋಡಬೇಕು. ಸೇವ್ ಮಾಡುವ ಜಾಗ ಕೇಳಿದಾಗ ಕಂಪ್ಯೂಟರಿನ ಫೋಲ್ಡರ್ ತೋರಿಸಿ. ಅದೇ ಪೆನ್ ಡ್ರೈವ್ ತೋರಿಸಿದರೆ, ಉಳಿದ ಪಾಠದ ಮೇಲೆ ನೀವೇ ಶಾಯಿ ಚೆಲ್ಲಿದ ಹಾಗೆ. ಓದುತ್ತಾ ಓದುತ್ತಾ ಪೆನ್ ಡ್ರೈವ್ ಮಧ್ಯೆ ನಿಂತು ಹೋಗುತ್ತಿದ್ದರೆ ಅದರ ಪೂರ್ತಿ ಪಡಿಯಚ್ಚನ್ನು, ಅಂದರೆ ಇಮೇಜ್ ಫೈಲನ್ನು, ಮೊದಲು ತೆಗೆದುಕೊಂಡು ಹುಡುಕಾಟವನ್ನು ಅದರ ಮೇಲೆ ಮಾಡಬೇಕು. ಅದು ಬರದವರು ಈ ಹಂತದಲ್ಲಿ ಗೊತ್ತಿರುವವರ ಕೈಗೆ ಕೊಡಿ.

ಫೈಲ್ ಮಾಯ, ಶಾರ್ಟ್‌ಕಟ್ ಹಾಜರ್

ಪೆನ್ ಡ್ರೈವ್ ಓಪನ್ ಆಗುತ್ತದೆ, ಆದರೆ ಫೋಲ್ಡರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು, ಗಾತ್ರ ಒಂದೆರಡು ಕೆಬಿ. ಇದು ಶಾರ್ಟ್‌ಕಟ್ ವೈರಸ್. ನಮ್ಮಂಥ ಜೆರಾಕ್ಸ್ ಅಂಗಡಿಗಳೇ ಇದಕ್ಕೆ ಬಸ್ ಸ್ಟ್ಯಾಂಡ್, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆ ಶಾರ್ಟ್‌ಕಟ್‌ಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಮಾಡಿದರೆ ನಿಮ್ಮ ಕಂಪ್ಯೂಟರಿಗೂ ಹತ್ತುತ್ತದೆ. ನಿಜವಾದ ಫೈಲುಗಳು ಬಚ್ಚಿಟ್ಟ ಸ್ಥಿತಿಯಲ್ಲಿ ಅಲ್ಲೇ ಇವೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಅಷ್ಟಕ್ಕೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ಆಪರೇಟಿಂಗ್ ಸಿಸ್ಟಮ್ ಫೈಲುಗಳನ್ನು ಮರೆಮಾಡು ಅನ್ನುವ ಟಿಕ್ ತೆಗೆಯಿರಿ. ಮಸುಕಾಗಿ ಕಾಣುವ ಫೋಲ್ಡರುಗಳೇ ನಿಮ್ಮವು. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಎಲ್ಲವೂ ಕೂತಿರುತ್ತವೆ. ನಿಮ್ಮ ಫೋಟೊ, ಡಾಕ್ಯುಮೆಂಟ್ ಮಾತ್ರ ಕಾಪಿ ಮಾಡಿಕೊಂಡು ವಿಂಡೋಸ್ ಡಿಫೆಂಡರ್‌ನಲ್ಲಿ ಸ್ಕ್ಯಾನ್ ಮಾಡಿ.

ಓದುತ್ತದೆ, ಆದರೆ ಬರೆಯಲು ಬಿಡುವುದಿಲ್ಲ, ರೈಟ್ ಪ್ರೊಟೆಕ್ಟೆಡ್ ಅನ್ನುತ್ತದೆ ಎಂದರೆ ಪಕ್ಕದಲ್ಲಿ ಸಣ್ಣ ಲಾಕ್ ಸ್ವಿಚ್ ಇದೆಯಾ ನೋಡಿ. ಸ್ವಿಚ್ ಇಲ್ಲದಿದ್ದರೆ, ಬೇರೆ ಕಂಪ್ಯೂಟರಿನಲ್ಲೂ ಹಾಗೇ ಅಂದರೆ, ಚಿಪ್ ಸವೆದು ಕಂಟ್ರೋಲರ್ ತಾನೇ ಬಾಗಿಲು ಹಾಕಿಕೊಂಡಿರಬಹುದು. ಓದಲಾದರೂ ಬಿಟ್ಟಿದೆಯಲ್ಲ, ಇವತ್ತೇ ಎಲ್ಲ ತೆಗೆದುಕೊಳ್ಳಿ.

ಇನ್ನು ಆನ್‌ಲೈನಿನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಸಿಗುವ 2 ಟಿಬಿ ಪೆನ್ ಡ್ರೈವ್. ನಾನೂ ಒಂದು ತರಿಸಿ ಮೂರ್ಖನಾದೆ. ಒಳಗಿರುವುದು ಸಣ್ಣ ಚಿಪ್, ಕಂಟ್ರೋಲರ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಮೊದಮೊದಲು ಹಾಕಿದ ಫೈಲ್ ಚೆನ್ನಾಗಿರುತ್ತವೆ, ಆಮೇಲಿನವು ಹೆಸರು ಮಾತ್ರ ಕಾಣಿಸಿ ತೆರೆಯುವುದಿಲ್ಲ. ಖಾಲಿ ಇರುವಾಗಲೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದರೆ ಬಣ್ಣ ಬಯಲಾಗುತ್ತದೆ. ಅದು ಪೂರ್ತಿ ತುಂಬಿಸಿ, ಮತ್ತೆ ಓದಿ, ಲೆಕ್ಕ ಹೇಳುತ್ತದೆ. ರಿಟರ್ನ್ ಮಾಡುವ ಗಡುವಿನೊಳಗೆ ಮಾಡಿ.

ಕೊನೆಗೆ ಫಾರ್ಮ್ಯಾಟ್

ಫೈಲ್ ಹೊರಗೆ ಬಂತು, ಅಥವಾ ಬೇಡ. ಈಗ ಧೈರ್ಯವಾಗಿ ಫಾರ್ಮ್ಯಾಟ್ ಮಾಡಿ. ಯಾವ ಬಗೆ ಅನ್ನುವುದು ಎಲ್ಲಿಗೆ ಹಾಕುತ್ತೀರಿ ಅನ್ನುವುದರ ಮೇಲಿದೆ. ಹಳೆ ಟಿವಿ, ಜೀಪಿನ ಸ್ಟೀರಿಯೊಗಳಿಗೆ ಫ್ಯಾಟ್32 ಸುರಕ್ಷಿತ. ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಮದುವೆ ವಿಡಿಯೊ ಹಾಕಲು ಹೋಗಿ "ಜಾಗ ಇದ್ರೂ ಕಾಪಿ ಆಗ್ತಿಲ್ಲ" ಅನ್ನುವವರ ತೊಂದರೆ ಇದೇ. ಅಂಥವರಿಗೆ ಎಕ್ಸ್‌ಫ್ಯಾಟ್. ಹೋಂಸ್ಟೇಯ ಟಿವಿಯಲ್ಲಿ ಪೆನ್ ಡ್ರೈವ್ ಕಾಣುತ್ತಿಲ್ಲ, ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ ಅಂದರೆ, ಅದೂ ಬಹುತೇಕ ಈ ಬಗೆಯ ವ್ಯತ್ಯಾಸವೇ.

ಒಮ್ಮೆ ಕೈಕೊಟ್ಟದ್ದನ್ನು ಮತ್ತೆ ಮುಖ್ಯ ಕೆಲಸಕ್ಕೆ ಬಳಸಬೇಡಿ. ಫೋಟೊ, ಪಹಣಿ ಸ್ಕ್ಯಾನ್, ಮಾರ್ಕ್ಸ್ ಕಾರ್ಡ್ ಇಂಥವು ಎರಡು ಕಡೆ ಇರಲಿ. ಒಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲೋ ಗೂಗಲ್ ಡ್ರೈವ್‌ನಲ್ಲೋ. ಮೆಮೊರಿ ಚಿಪ್ ಫೈಲನ್ನು ಇಟ್ಟುಕೊಳ್ಳುವುದು ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಮುಟ್ಟದಿದ್ದರೆ ಅವು ಮೆಲ್ಲಮೆಲ್ಲನೆ ಸೋರುತ್ತವೆ. ಮಳೆಗಾಲ ಮುಗಿದು, ಕಾಫಿ ಕೊಯ್ಲು ಶುರುವಾಗುವ ಮೊದಲು ಒಂದು ದಿನ ಬೀರುವಿನಲ್ಲಿರುವುದನ್ನೆಲ್ಲ ತೆಗೆದು ಹಾಕಿ ನೋಡಿ.

ರೈಟರ್ ಅಣ್ಣನ ಪೆನ್ ಡ್ರೈವ್ "ರಾ" ತೋರಿಸಿತು. ಫೋಟೊರೆಕ್ ಹಾಕಿ ಇಬ್ಬರೂ ಟೀ ಕುಡಿದೆವು. ಎಕ್ಸೆಲ್ ಫೈಲ್ 41 ಸಿಕ್ಕವು, ಹೆಸರಿಲ್ಲದೆ. ಇಪ್ಪತ್ತಾರನೆಯದರಲ್ಲಿ ಆ ವಾರದ ಚೆಕ್‌ರೋಲ್. ಪ್ರಿಂಟ್ ಕೊಟ್ಟು, ಫೈಲನ್ನು ಹೊಸ ಪೆನ್ ಡ್ರೈವಿಗೆ ಹಾಕಿಕೊಟ್ಟೆ, ಅವರ ಮೇಲ್‌ಗೂ ಕಳಿಸಿದೆ. ಹಳೆಯದನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಕೈ ಹಿಡಿದರು.

"ಅದನ್ನು ಫಾರ್ಮ್ಯಾಟ್ ಮಾಡಿ, ಸ್ವಲ್ಪ ವಾಲಗ ಹಾಕಿಕೊಡಿ. ಜೀಪಿಗೆ ಆಗ್ತದೆ."

ಫ್ಯಾಟ್32 ಮಾಡಿ ಹಾಕಿಕೊಟ್ಟೆ.